ಬೆಂಚಲ್ಲಿ ಕೂತ ಹಡಗು

ಸಾಫ್ಟ್‌ವೇರಿನವರಿಗೆ 'ಬೆಂಚು' ಅಂದ್ರೆ ಏನಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಪ್ರಾಜೆಕ್ಟ್ ಇಲ್ಲ, ಸಂಬಳ ಇದೆ, ನೆಮ್ಮದಿ ಇಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ನಾಲ್ಕು ತಿಂಗಳು ಹಾಗೆ ಕೂತಿದ್ದೆ. ಅಮ್ಮ ಊರಿಂದ ಫೋನ್ ಮಾಡಿ "ಕೆಲ್ಸ ಹೇಗಿದೆ ಮಗಾ?" ಅಂದಾಗಲೆಲ್ಲ "ತುಂಬಾ ಬ್ಯುಸಿ ಅಮ್ಮಾ" ಅಂತಿದ್ದೆ. ಮೊನ್ನೆ 26 ವರ್ಷ ಬೆಂಚಲ್ಲಿ ಕೂತ ಯುದ್ಧನೌಕೆಯೊಂದರ ಕತೆ ಓದುವಾಗ ಅದೆಲ್ಲ ನೆನಪಾಯ್ತು.

ಹೆಸರು ಎಚ್‌ಎಂಎಸ್ ಟ್ರಿಂಕಾಮಲಿ. ಹಾಯಿ ಹಡಗು, 38 ಫಿರಂಗಿಗಳ ದರ್ಜೆಯದು. ನೆಪೋಲಿಯನ್ ಯುದ್ಧದ ಕಾಲ. ಬ್ರಿಟಿಷ್ ನೌಕಾಪಡೆಗೆ ಓಕ್ ಮರ ಸಾಲುತ್ತಿರಲಿಲ್ಲ. ಹಾಗಾಗಿ 1812ರಲ್ಲಿ ಬೊಂಬಾಯಿಗೆ ಆರ್ಡರ್ ಬಂತು, ತೇಗದಲ್ಲಿ ಕಟ್ಟಿ ಅಂತ. ನಕ್ಷೆಗಳನ್ನು ಇನ್ನೊಂದು ಹಡಗಿನಲ್ಲಿ ಕಳಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಶನ್' ಅದನ್ನು ಸೋಲಿಸಿ ಸುಟ್ಟುಹಾಕಿತು. ಆ ಹಡಗಿನ ಹೆಸರೇನು ಗೊತ್ತಾ? ಜಾವಾ! ಡಿಸೈನ್ ಡಾಕ್ಯುಮೆಂಟ್ ಸಮೇತ ಜಾವಾ ಕ್ರ್ಯಾಶ್ :)

ಮತ್ತೆ ನಕ್ಷೆ ಬಂದು, ಕೆಲಸ ಶುರುವಾಗುವಾಗ 1816. ಅಷ್ಟರಲ್ಲಿ ವಾಟರ್‌ಲೂ ಮುಗಿದು ನೆಪೋಲಿಯನ್ ಸೆರೆಯಾಗಿದ್ದ. ಆದರೂ ಜಮ್‌ಶೆಟ್‌ಜಿ ಬಮನ್‌ಜಿ ವಾಡಿಯಾ ಕೆಲಸದಲ್ಲಿ ಕೈ ಬಿಗಿ ಮಾಡಲಿಲ್ಲ. ಪಾರ್ಸಿ ಪದ್ಧತಿಯಂತೆ ಹಡಗಿನ ತಳದ ಮರಕ್ಕೆ ಬೆಳ್ಳಿಯ ಮೊಳೆ ಹೊಡೆದೇ ಕಟ್ಟಿದ್ದು. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು.

1819ರಲ್ಲಿ ಪೋರ್ಟ್ಸ್‌ಮತ್ ಮುಟ್ಟಿದರೆ ಅಲ್ಲಿ ಯುದ್ಧವೇ ಇಲ್ಲ. ಮೇಲೊಂದು ಮಾಡು ಹೊದಿಸಿ ಕಟ್ಟಿಹಾಕಿದರು. 1845ರವರೆಗೆ ಹಾಗೇ! ಆಮೇಲೆ ಫಿರಂಗಿಗಳನ್ನು 26ಕ್ಕಿಳಿಸಿ, ಹಿಂಭಾಗ ಬದಲಿಸಿ 1847ರಲ್ಲಿ ವೆಸ್ಟ್ ಇಂಡೀಸ್ ಕಡೆ ಕಳಿಸಿದರು. 1852ರಿಂದ 1857ರವರೆಗೆ ಪೆಸಿಫಿಕ್ ಸಾಗರ. ನಡುವೆ ಕ್ರಿಮಿಯನ್ ಯುದ್ಧ ಬಂದರೂ ಇದರ ಪಾಲಿಗೆ ಕಾಳಗ ಬರಲಿಲ್ಲ. ಕೆನಡಾದ ಪಶ್ಚಿಮ ತೀರದ ಒಂದು ಜಲಸಂಧಿಗೆ ಇದರ ಹೆಸರಿದೆ, ಅಷ್ಟೇ ಸಂಪಾದನೆ. 1860ರಿಂದ ತರಬೇತಿ ಹಡಗು. 1897ರಲ್ಲಿ ಗುಜರಿ.

ಗುಜರಿಯಿಂದ ಬಿಡಿಸಿಕೊಂಡವರು ವೀಟ್ಲಿ ಕಾಬ್. ಅವರ ಬಳಿ ಇದ್ದ, ಹಿಂದೆ ನೆಲ್ಸನ್ನನ ಹಡಗಾಗಿದ್ದ 'ಫುದ್ರೊಯಾಂ' ಅದೇ ವರ್ಷ ಬ್ಲ್ಯಾಕ್‌ಪೂಲ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದಿತ್ತು. ಸತ್ತವನ ಹೆಸರನ್ನೇ ಇದಕ್ಕಿಟ್ಟರು. ಉಳಿಸಿದ್ದಕ್ಕೆ ಕೈ ಮುಗಿಯೋಣ, ಆದರೆ ಈ ಹೆಸರಿನ ವಿಷಯ ನನಗೆ ಇವತ್ತಿಗೂ ಸರಿಕಾಣಲಿಲ್ಲ. ಯುದ್ಧ ಮಾಡಿದವರ ಹೆಸರಿದ್ದರೆ ಮಾತ್ರ ಮರ್ಯಾದೆಯಾ? ಆ ಹೆಸರಲ್ಲೇ 1986ರವರೆಗೆ ಮಕ್ಕಳಿಗೆ ಹಡಗಿನ ಕೆಲಸ ಕಲಿಸಿತು. 1992ರಲ್ಲಿ ಹಳೇ ಹೆಸರು ವಾಪಸ್ ಸಿಕ್ಕಿತು.

ತೇಗದಲ್ಲಿ ಎಣ್ಣೆಯಂಶ ಇರೋದರಿಂದ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯಲ್ಲ. ಓಕ್‌ನ ಒಗರು ಆಮ್ಲ ಅದನ್ನು ತಿಂದುಹಾಕುತ್ತೆ. ಬೊಂಬಾಯಿ ಬಡಗಿಗಳು ಜೋಡಿಸಿದ ಮರದ ಬಹುಪಾಲು ಇನ್ನೂ ಅಲ್ಲೇ ಇದೆ. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ, ತೇಲುವ ಬ್ರಿಟಿಷ್ ಯುದ್ಧನೌಕೆಗಳಲ್ಲೇ ಹಳೆಯದು. ಜಾವಾವನ್ನು ಸುಟ್ಟ ಕಾನ್‌ಸ್ಟಿಟ್ಯೂಶನ್ ಕೂಡ ಬಾಸ್ಟನ್ನಿನಲ್ಲಿ ತೇಲುತ್ತಿದೆ.

ಅಮ್ಮನಿಗೆ ಮಾತ್ರ ಆ ನಾಲ್ಕು ತಿಂಗಳ ವಿಷಯ ಇನ್ನೂ ಹೇಳಿಲ್ಲ...