ಆರಿಸುವ ಕಣ್ಣು

ಹಿತ್ತಲಿನ ಚಪ್ಪರದ ಮೇಲೆ ಸೌತೆಯ ಬಳ್ಳಿ ಹಬ್ಬಿ ಕಾಯಿ ಬಿಡತೊಡಗಿತೆಂದರೆ ಮನೆಯ ಹಿರಿಯಳು ಮರೆಯದೆ ಮಾಡುವ ಕೆಲಸವೊಂದುಂಟು. ನೀಳವಾಗಿ, ಸೊಟ್ಟವಿಲ್ಲದೆ ಇಳಿಬಿದ್ದಿರುವ ಕಾಯೊಂದನ್ನು ನೋಡಿ, ಅದರ ತೊಟ್ಟಿಗೆ ಹಳೆಯ ಸೀರೆಯಂಚಿನ ಚೂರೊಂದನ್ನು ಕಟ್ಟಿಬಿಡುವಳು. “ಇದು ಬೀಜಕ್ಕೆ, ಯಾರೂ ಮುಟ್ಟಕೂಡದು” ಎಂದು ಅಪ್ಪಣೆ ಹೊರಟರೆ ಮನೆಯ ಮಕ್ಕಳಿಗೆಲ್ಲ ಅದು ಶಾಸನವೇ ಸರಿ, ನೆರೆಮನೆಯ ಹಸುವಿಗೆ ಮಾತ್ರ ಆ ಶಾಸನ ಅನ್ವಯಿಸದು. ಕಾಯಿ ಬಲಿತು ಹಣ್ಣಾದ ಮೇಲೆ ಅದರ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಗೋಡೆಗೆ ಮೆತ್ತುವಳು. ಮುಂದಿನ ಮಳೆಗಾಲದ ಚಪ್ಪರವು ಹೀಗೆ ಅಡುಗೆಮನೆಯ ಗೋಡೆಯ ಮೇಲೆ ತಿಂಗಳುಗಟ್ಟಲೆ ನಿದ್ರಿಸುವುದು.

ತಾನು ಮಾಡಿದ ಕೆಲಸಕ್ಕೆ ಶಾಸ್ತ್ರಜ್ಞರು ಹೆಸರಿಟ್ಟಿರುವರೆಂದು ಆಕೆ ಬಲ್ಲಳೆ? 1859ರಲ್ಲಿ ಪ್ರಕಟವಾದ ತನ್ನ ಗ್ರಂಥವನ್ನು ಡಾರ್ವಿನ್ ಮಹಾಶಯನು ಆರಂಭಿಸುವುದೇ ಮನುಷ್ಯನ ಈ ಆಯ್ಕೆಯ ಕಥೆಯಿಂದ. ಆಯ್ಕೆಯು ಎರಡು ತೆರನೆಂದು ಅವನು ಹೇಳುವನು. ಗುರಿಯೊಂದನ್ನು ಮುಂದಿಟ್ಟುಕೊಂಡು ತಳಿಯನ್ನು ತಿದ್ದುವುದು ಒಂದು. ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ಕಳೆಯುತ್ತ, ತಳಿ ಬದಲಾಗುತ್ತಿರುವುದನ್ನು ತಾನೇ ಅರಿಯದಿರುವುದು ಇನ್ನೊಂದು. ಹಿತ್ತಲಿನ ಹಿರಿಯಳದು ಎರಡನೆಯದು. ಲೋಕದ ಬೆಳೆಗಳಲ್ಲಿ ಬಹುಪಾಲು ಇಂತಹ ಅರಿಯದ ಕೈಗಳಿಂದಲೇ ಇಂದಿನ ರೂಪವನ್ನು ಪಡೆದಿರುವುವು.

ಆದರೆ ಆಕೆಯ ಆಯ್ಕೆಯಲ್ಲಿ ಕೊರತೆಯೊಂದಿದೆ. ಆಕೆ ಆರಿಸಿದ್ದು ತಾಯಿಯನ್ನು ಮಾತ್ರ. ಸೌತೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಯಾವ ಬಳ್ಳಿಯ ಪರಾಗವನ್ನು ಯಾವ ಹೂವಿಗೆ ಮುಟ್ಟಿಸಬೇಕೆಂಬುದು ಜೇನ್ನೊಣದ ಚಿತ್ತಕ್ಕೆ ಬಿಟ್ಟದ್ದು. ತಂದೆ ಯಾರೆಂಬುದನ್ನು ಯಾರೂ ವಿಚಾರಿಸಲಿಲ್ಲ. ಗಂಡು ಹೆಣ್ಣುಗಳು ಬೇರೆ ಬೇರೆ ಗಿಡಗಳಲ್ಲೇ ಇರುವ ಜಾತಿಗಳಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುವುದು. ಮಲೆನಾಡಿನ ತೋಟದಲ್ಲಿ ಜಾಯಿಕಾಯಿಯ ಬೀಜವನ್ನು ನೆಟ್ಟವನು ಗಿಡ ಗಂಡೋ ಹೆಣ್ಣೋ ಎಂದು ತಿಳಿಯಲು ಆರೇಳು ವರ್ಷ ಕಾಯಬೇಕು. ಕಾದ ಮೇಲೆ ಗಂಡೆಂದು ತಿಳಿದಾಗ ಅವನ ಮುಖವನ್ನು ನೋಡಬೇಕು! ಮೆಣಸಿನ ಬಳ್ಳಿಯೂ ಕಾಡಿನಲ್ಲಿ ಹೆಚ್ಚಾಗಿ ಹೀಗೆಯೇ ಗಂಡು ಬೇರೆ ಹೆಣ್ಣು ಬೇರೆಯಾಗಿ ಬೆಳೆಯುವುದು. ಒಂದೇ ಹೂವಿನಲ್ಲಿ ಎರಡೂ ಕೂಡಿರುವ ಬಳ್ಳಿಗಳನ್ನೇ ತಲೆಮಾರುಗಳಿಂದ ಆರಿಸಿ, ಕತ್ತರಿಸಿ ನೆಟ್ಟುಕೊಂಡು ಬಂದದ್ದರಿಂದ ತೋಟದ ಮೆಣಸು ಇಂದು ಕಾಡಿನ ಮೆಣಸಿನಂತಿಲ್ಲ.

ಈ ಜಾತಿಯ ಗಿಡಗಳಲ್ಲಿ ಮನುಷ್ಯನ ಕಣ್ಣನ್ನು ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷಿಸಿರುವುದು ಭಂಗಿಯ ಗಿಡ. ಸಭ್ಯರ ಮನೆಯಲ್ಲಿ ಅದರ ಹೆಸರನ್ನೆತ್ತಿದರೆ ಹಿರಿಯರು ಹುಬ್ಬು ಗಂಟಿಕ್ಕುವರು. ಅದು ತಪ್ಪೂ ಅಲ್ಲ. ಆದರೆ ಸಸ್ಯಶಾಸ್ತ್ರಕ್ಕೆ ಅದು ಮಾಡಿರುವ ಉಪಕಾರವನ್ನು ಮರೆಯಲಾಗದು. ಗಿಡಗಳಲ್ಲಿಯೂ ಗಂಡು ಹೆಣ್ಣೆಂಬ ಭೇದವುಂಟೆಂದು 1694ರಲ್ಲಿ ಪ್ರಯೋಗದಿಂದ ತೋರಿಸಿದ ಟ್ಯೂಬಿಂಗೆನ್ನಿನ ಕ್ಯಾಮೆರೇರಿಯಸ್ ಪಂಡಿತನು ಪರೀಕ್ಷಿಸಿದ ಗಿಡಗಳಲ್ಲಿ ಇದೂ ಒಂದು. ಹಿಪ್ಪುನೇರಳೆಯಲ್ಲಿ ಗಂಡಿನ ಸಂಪರ್ಕವಿಲ್ಲದ ಹೆಣ್ಣು ಸರಿಯಾದ ಬೀಜವನ್ನು ಕಟ್ಟಲಿಲ್ಲ, ಪಂಡಿತನು ಹಿಗ್ಗಿದನು. ಭಂಗಿಯಲ್ಲಿ ಮಾತ್ರ ಗಂಡುಗಳನ್ನೆಲ್ಲ ತೆಗೆದುಹಾಕಿದರೂ ಹೆಣ್ಣುಗಳಲ್ಲಿ ಒಂದಷ್ಟು ಬೀಜ ಕಾಣಿಸಿಕೊಂಡಿತು, ಅವನು ಬೇಸರಗೊಂಡನು. ಪರಾಗವು ಗಾಳಿಯಲ್ಲಿ ಬಹುದೂರ ತೇಲಿಬರಬಲ್ಲುದು, ಹೆಣ್ಣು ಗಿಡವೇ ಒಮ್ಮೊಮ್ಮೆ ನಾಲ್ಕಾರು ಗಂಡು ಹೂಗಳನ್ನು ಬಿಡಬಲ್ಲುದು ಎಂಬುದು ಇಂದು ಎಲ್ಲರಿಗೂ ತಿಳಿದ ಸಂಗತಿ. ಆ ಗಿಡ ಪಂಡಿತನಿಗೆ ಸುಳ್ಳು ಹೇಳಲಿಲ್ಲ. ಅವನು ಕೇಳಿದ್ದಕ್ಕಿಂತ ಹೆಚ್ಚನ್ನು ಹೇಳಿತು, ಅಷ್ಟೆ.

ಪಂಡಿತರ ಪಾಡು ಹೀಗಾದರೆ ಪಾಮರರದು ಇನ್ನೂ ಸೊಗಸು. ಇಂಗ್ಲೆಂಡಿನ ಒಕ್ಕಲಿಗರು ನಾರಿಗಾಗಿ ಈ ಗಿಡವನ್ನು ಬೆಳೆಯುತ್ತಿದ್ದಾಗ, ತೆಳ್ಳಗೆ ಬೆಳೆದು ಬೇಗ ಒಣಗುವ ಗಿಡಗಳನ್ನು ಹೆಣ್ಣೆಂದೂ, ದಪ್ಪವಾಗಿ ಬಲಿತು ಬೀಜ ಹೊರುವ ಗಿಡಗಳನ್ನು ಗಂಡೆಂದೂ ಕರೆದರು. ನಿಜ ತಲೆಕೆಳಗು. ಬೀಜ ಹೊತ್ತವಳನ್ನು ಗಂಡೆಂದು ಕರೆಯಲು ಅವರಿಗೆ ಸಾಕಾದ ಕಾರಣ ಅದರ ಬಲವೊಂದೇ. ಹೊಲದಲ್ಲಿ ಹೆಚ್ಚು ಕಾಲ ನಿಂತು ಹೆಚ್ಚು ಭಾರ ಹೊರುವುದು ಹೆಣ್ಣೆಂಬುದನ್ನು ಅವರವರ ಮನೆಗಳಲ್ಲೇ ನೋಡಿ ತಿಳಿಯಬಹುದಾಗಿತ್ತು!

ಬಂಗಾಳದ ಒಕ್ಕಲಿಗನಿಗೆ ಮಾತ್ರ ಇಂತಹ ಭ್ರಮೆಗೆ ಎಡೆಯಿರಲಿಲ್ಲ. ಆಗ ರಾಜಶಾಹಿ ಜಿಲ್ಲೆಗೆ ಸೇರಿದ್ದ, ಇಂದು ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸೀಮೆಯಲ್ಲಿ ಸರಕಾರದ ಪರವಾನಗಿ ಪಡೆದು ಗಾಂಜಾ ಬೆಳೆಯುತ್ತಿದ್ದರು. ಆಗಸ್ಟ್ ತಿಂಗಳಲ್ಲಿ ಒಟ್ಟಲು ಹಾಕಿ, ಸೆಪ್ಟೆಂಬರಿನಲ್ಲಿ ಸಸಿಯನ್ನು ಹೊಲಕ್ಕೆ ನಾಟುವರು. ಅಲ್ಲಿ ಬೇಕಾದದ್ದು ಪರಾಗ ಸೋಂಕದ ಹೆಣ್ಣು ಹೂಗೊಂಚಲು. ಪರಾಗ ಸೋಂಕಿತೆಂದರೆ ಗಿಡದ ಸಾರವೆಲ್ಲ ಬೀಜಕ್ಕೆ ಇಳಿಯುವುದು. ಸೋಂಕದಿದ್ದರೆ ಅದು ಹೂವಿನ ಮೇಲೆ ಹೂವು ಬಿಡುತ್ತ ಅಂಟನ್ನು ಸ್ರವಿಸುತ್ತಲೇ ಇರುವುದು. ಬೀಜ ತುಂಬಿದ ಮಾಲಿಗೆ ಬೆಲೆಯಿಲ್ಲ. ಒಂದು ಹೊಲದಲ್ಲಿ ಗಂಡು ಹೆಣ್ಣುಗಳು ಸರಿಸುಮಾರು ಅರ್ಧರ್ಧ ಹುಟ್ಟುವುದರಿಂದ, ಅರ್ಧ ಪೈರನ್ನು ಹೂ ಬಿರಿಯುವ ಮೊದಲೇ ಕಿತ್ತೆಸೆಯಬೇಕು. ಒಂದು ತಪ್ಪಿದರೆ ತನ್ನ ಹೊಲವಷ್ಟೇ ಅಲ್ಲ, ನೆರೆಯವನದೂ ಕೆಡುವುದು.

ಆದುದರಿಂದ ಆ ಸೀಮೆಯಲ್ಲಿ ಗಿಡದ ಲಿಂಗವನ್ನು ಗುರುತಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಜನರಿದ್ದರು. ಅವರನ್ನು ಪರಖ್‌ದಾರರೆಂದೂ ಪೋದ್ದಾರರೆಂದೂ ಕರೆಯುತ್ತಿದ್ದರು. ಪೋದ್ದಾರನೆಂದರೆ ನಾಣ್ಯವನ್ನು ಪರೀಕ್ಷಿಸುವವನು, ಕನ್ನಡದ ಚಿನಿವಾರ. ಖೋಟಾ ನಾಣ್ಯವನ್ನು ತೆಗೆದೆಸೆಯುವಂತೆ ಗಂಡು ಗಿಡವನ್ನು ತೆಗೆದೆಸೆಯುವವನಿಗೆ ಎಂತಹ ತಕ್ಕ ಹೆಸರು! ಇಂಗ್ಲಿಷ್ ಅಧಿಕಾರಿಗಳು ಅವನನ್ನು ‘ಗಾಂಜಾ ಡಾಕ್ಟರ’ನೆಂದು ಬರೆದುಕೊಂಡರು. ನವೆಂಬರ್ ತಿಂಗಳಲ್ಲಿ ಅವನು ಸಾಲುಗಳ ನಡುವೆ ಇಳಿಯುವನು. ಹೆಣ್ಣಿನ ಗೆಣ್ಣಿನಲ್ಲಿ ಬಿಳಿಯ ಎರಡು ಎಳೆಗಳು ಇಣುಕುವುವು; ಗಂಡಿನ ಗೆಣ್ಣಿನಲ್ಲಿ ಸಣ್ಣ ಮೊಗ್ಗುಗಳು ಗೊಂಚಲಾಗಿ ತೂಗುವುವು. ಇದು ಪುಸ್ತಕ ಹೇಳುವ ಗುರುತು. ಆದರೆ ಗುರುತು ಎಲ್ಲರಿಗೂ ಕಾಣುವಷ್ಟು ಸ್ಪಷ್ಟವಾಗುವ ಹೊತ್ತಿಗೆ ಸಮಯ ಮೀರಿರುವುದು. ಪರಖ್‌ದಾರನ ಬೆಲೆಯೆಲ್ಲ ಇದ್ದದ್ದು ಅದಕ್ಕೆ ಮುಂಚೆ ಕಾಣುವುದರಲ್ಲಿ. ಒಂದು ಬಾರಿ ನೋಡಿ ಹೋದರೂ ಸಾಲದು; ಹಿಂದುಳಿದು ಹೂ ಬಿಡುವ ಗಂಡುಗಳಿಗಾಗಿ ಹೊಲವನ್ನು ಮರಳಿ ಮರಳಿ ಜಾಲಾಡಬೇಕು.

1893ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯೊಂದರಿಂದ, ಭಂಗಿ ಗಾಂಜಾಗಳ ವಿಚಾರಣೆಗಾಗಿ ಹಿಂದೂಸ್ಥಾನದಲ್ಲಿ ಒಂದು ಆಯೋಗ ನೇಮಕವಾಯಿತು. ಅದು 1,193 ಮಂದಿಯ ಸಾಕ್ಷ್ಯವನ್ನು ಸಂಗ್ರಹಿಸಿ 1894ರಲ್ಲಿ ವರದಿಯನ್ನೊಪ್ಪಿಸಿತು. ಮಿತವಾಗಿ ಸೇವಿಸುವವರಲ್ಲಿ ಹೇಳಿಕೊಳ್ಳುವಂತಹ ಕೇಡು ಕಾಣದು, ಅತಿಯಾದರೆ ಹಾನಿಯುಂಟು, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ಕಟ್ಟುಪಾಡು ಮೇಲು ಎಂಬುದು ಅದರ ಅಭಿಪ್ರಾಯವಾಗಿತ್ತು. 1917ರಲ್ಲಿ ನೌಗಾಂವಿನ ಬೆಳೆಗಾರರು ಸಹಕಾರ ಸಂಘವೊಂದನ್ನು ಸ್ಥಾಪಿಸಿಕೊಂಡರು. ರಾಜ್ಯಗಳು ಬದಲಾದುವು, ಕಾನೂನುಗಳು ಬದಲಾದುವು. 1987ರಲ್ಲಿ ಅಲ್ಲಿನ ಬೇಸಾಯ ನಿಂತುಹೋಯಿತು. ಅದಕ್ಕೆ ಎರಡು ವರ್ಷ ಮುಂಚೆ, 1985ರಲ್ಲಿ, ಭಾರತದ ಕಾಯಿದೆಯೂ ಈ ಹೂಗೊಂಚಲನ್ನು ನಿಷಿದ್ಧ ವಸ್ತುಗಳ ಸಾಲಿಗೆ ಸೇರಿಸಿತು. ಬೆಳೆ ನಿಂತದ್ದಕ್ಕೆ ಯಾರೂ ಅಳಬೇಕಾದುದಿಲ್ಲ. ಆದರೆ ಮೊಗ್ಗಿಗೆ ಮುಂಚೆ ಮೊಗ್ಗನ್ನು ಕಾಣುತ್ತಿದ್ದ ಆ ಕಣ್ಣುಗಳೂ ಅದರೊಡನೆ ಮುಚ್ಚಿದುವಲ್ಲ ಎಂಬ ಯೋಚನೆ ಮನಸ್ಸನ್ನು ಒಂದು ಗಳಿಗೆ ತಡೆದು ನಿಲ್ಲಿಸುವುದು.

ಆ ಕಣ್ಣಿಗೂ ಒಂದು ಸೋಲು ಇದ್ದೇ ಇತ್ತು. ಗಂಡನ್ನೆಲ್ಲ ಕಿತ್ತೆಸೆದರೆ ಮುಂದಿನ ವರ್ಷದ ಬೀಜವೆಲ್ಲಿಂದ? ಹೊಲವನ್ನು ಎಷ್ಟು ಚೊಕ್ಕಟಮಾಡಿದರೂ ನಾಲ್ಕು ಬೀಜ ಕಟ್ಟಿಯೇ ಕಟ್ಟುವುವು. ಅಂತಹ ಬೀಜದ ತಂದೆ ಯಾರು? ಪರಖ್‌ದಾರನ ಕಣ್ಣಿಗೆ ಮರೆಯಾಗಿ ನಿಂತ ಒಂದು ಗಂಡು. ಇಲ್ಲವೆ ಹೆಣ್ಣಿನ ಮೈಯಲ್ಲೇ ಗುಟ್ಟಾಗಿ ಅರಳಿದ ಗಂಡು ಹೂವು. ಅದನ್ನು ಬಿತ್ತಿದರೆ, ವರ್ಷವರ್ಷವೂ ಅವನಿಂದ ತಪ್ಪಿಸಿಕೊಂಡವರ ಸಂತಾನವೇ ಹೊಲದಲ್ಲಿ ಹೆಚ್ಚುವುದು. ಆರಿಸುವವನು ತಾನು ನೋಡಿದ್ದನ್ನು ಆರಿಸಿದೆನೆಂದು ತಿಳಿಯುವನು; ನೋಡದೆ ಬಿಟ್ಟದ್ದೂ ಆಯ್ಕೆಯೇ ಆಗಿ ಮುಂದಿನ ತಲೆಮಾರಿನಲ್ಲಿ ಎದುರು ನಿಲ್ಲುವುದು.

ಇದಕ್ಕೆ ನೇರ ವಿರುದ್ಧವಾದ ದಾರಿಯನ್ನು ಹಿಡಿದವನು ಜರ್ಮನಿಯ ಬ್ರೆಡೆಮಾನ್ ಎಂಬ ವಿದ್ವಾಂಸ. ಅವನಿಗೆ ಬೇಕಾದದ್ದು ಅಮಲಲ್ಲ, ನಾರು. ಹೆಣ್ಣು ಗಿಡದ ನಾರನ್ನು ಬೀಜ ಬಲಿತ ಮೇಲೆ ಅಳೆಯಬಹುದು. ಗಂಡಿನದನ್ನು ಅಳೆಯುವಷ್ಟರಲ್ಲಿ ಅದು ತನ್ನ ಪರಾಗವನ್ನು ಊರಿಗೆಲ್ಲ ಹಂಚಿ ಮುಗಿಸಿರುವುದು. ಅವನು ಮಾಡಿದ ಉಪಾಯ ಸರಳ. ಹೂ ಬಿರಿಯುವ ಮೊದಲೇ ಗಂಡಿನ ಕಾಂಡವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಒಯ್ದು, ಉಳಿದರ್ಧವನ್ನು ಹೊಲದಲ್ಲಿ ಬದುಕಲು ಬಿಟ್ಟನು. ನಾರು ಹೆಚ್ಚಿದ್ದ ಗಂಡುಗಳಿಗೆ ಮಾತ್ರ ಹೂ ಬಿಡುವ ಅಪ್ಪಣೆ, ಉಳಿದುವಕ್ಕೆ ಕುಡುಗೋಲು. ಹಲವು ವರ್ಷ ಈ ವ್ರತವನ್ನು ನಡೆಸಿದಾಗ ಕಾಂಡದಲ್ಲಿನ ನಾರು ಮೊದಲಿನ ಎರಡರಷ್ಟನ್ನೂ ಮೀರಿತು. ಹಿತ್ತಲಿನ ಹಿರಿಯಳು ಜೇನ್ನೊಣಕ್ಕೆ ಬಿಟ್ಟ ಪ್ರಶ್ನೆಯನ್ನು ಅವನು ತನ್ನ ಕೈಗೆ ತೆಗೆದುಕೊಂಡಿದ್ದನು.

ಹಾಗಾದರೆ ಗುರಿಯನ್ನು ಸ್ಪಷ್ಟವಾಗಿ ಮುಂದಿಟ್ಟುಕೊಂಡರೆ ಸಾಕೆ? ಈ ಗಿಡದ ಇತ್ತೀಚಿನ ಚರಿತ್ರೆ ಸಾಲದೆಂದು ಹೇಳುವುದು. ಅಮಲಿಗೆ ಕಾರಣವಾದ ಟಿ.ಎಚ್.ಸಿ. ಎಂಬ ವಸ್ತುವನ್ನು 1964ರಲ್ಲಿ ಇಸ್ರೇಲಿನ ಗಾವೋನಿ, ಮೆಷೂಲಂ ಎಂಬ ರಸಾಯನಜ್ಞರು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಗಿಡದಲ್ಲಿ ಅದಕ್ಕೆ ಒಡಹುಟ್ಟಿದಂತೆ ಇನ್ನೊಂದು ವಸ್ತುವಿದೆ, ಅದು ಸಿ.ಬಿ.ಡಿ. ಎರಡೂ ಒಂದೇ ಮೂಲದ್ರವ್ಯದಿಂದ ಹುಟ್ಟುವುವು. ಆದುದರಿಂದ ಒಂದರ ಕಡೆಗೆ ಹರಿದದ್ದು ಇನ್ನೊಂದಕ್ಕೆ ತಪ್ಪುವುದು. ಕಳ್ಳತನದಿಂದ ಬೆಳೆಯುವವರು ಅಮಲೊಂದನ್ನೇ ನೋಡಿ ಆರಿಸುತ್ತ ಹೋದರು. ಅಮೆರಿಕದಲ್ಲಿ ಸರಕಾರ ವಶಪಡಿಸಿಕೊಂಡ ಮಾಲಿನಲ್ಲಿ 1995ರಲ್ಲಿ ಸರಾಸರಿ ನೂರಕ್ಕೆ 4ರಷ್ಟಿದ್ದ ಟಿ.ಎಚ್.ಸಿ. 2014ರ ಹೊತ್ತಿಗೆ 12ಕ್ಕೆ ಏರಿತು, ಸಿ.ಬಿ.ಡಿ. ಇಳಿದು ಅರ್ಧದಷ್ಟೇ ಉಳಿಯಿತು. ಅದನ್ನು ತೆಗೆಯಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಅದರ ಕಡೆಗೆ ನೋಡುವವರಿರಲಿಲ್ಲ, ಅಷ್ಟೆ.

ಆ ಅನಾಥ ವಸ್ತುವಿನಿಂದಲೇ ಮುಂದೆ ಒಂದು ಔಷಧ ಸಿದ್ಧವಾಯಿತು. ಚಿಕ್ಕಂದಿನಲ್ಲೇ ತೊಡಗಿ, ಬೇರೆ ಮದ್ದುಗಳಿಗೆ ಸುಲಭವಾಗಿ ಬಗ್ಗದೆ, ದಿನಕ್ಕೆ ಹಲವು ಬಾರಿ ಮಗುವನ್ನು ನೆಲಕ್ಕೆ ಕೆಡಹುವ ಘೋರವಾದ ಎರಡು ಬಗೆಯ ಅಪಸ್ಮಾರಗಳಿಗೆ 2018ರಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ಒಪ್ಪಿತು. ಔಷಧಕ್ಕಾಗಿ ಸಿ.ಬಿ.ಡಿ. ಹೆಚ್ಚಿರುವ, ಅಮಲು ಅಡಗಿದ ತಳಿಗಳನ್ನು ಆರಿಸಬೇಕಾಯಿತು. ಅಂತಹ ಗಿಡಗಳು ಎಲ್ಲೋ ಮೂಲೆಯಲ್ಲಿ, ನಾರಿನ ಹೊಲದಲ್ಲೋ ಯಾರದೋ ಉದಾಸೀನದಲ್ಲೋ ಉಳಿದಿದ್ದುದರಿಂದ ಅದು ಸಾಧ್ಯವಾಯಿತು. ಎಲ್ಲರ ಕಣ್ಣೂ ಒಂದೇ ಗುಣದ ಮೇಲೆ ನೆಟ್ಟು, ಕಡೆಯ ಗಿಡದವರೆಗೂ ಚೊಕ್ಕಟವಾಗಿ ಆರಿಸಿ ಮುಗಿಸಿಬಿಟ್ಟಿದ್ದರೆ ಆ ಮಕ್ಕಳ ತಾಯಂದಿರು ಯಾರನ್ನು ಕೇಳಬೇಕಾಗಿತ್ತು?

ಆಯ್ಕೆಯಿಲ್ಲದೆ ಬೇಸಾಯವಿಲ್ಲ, ಸಂಸಾರವೂ ಇಲ್ಲ. ಒಳ್ಳೆಯದೆಂದು ತೋರಿದುದನ್ನು ಉಳಿಸಿಕೊಳ್ಳದವನು ಉಣ್ಣಲಾರನು. ಆದರೆ ಒಳ್ಳೆಯದೆಂಬುದು ಗಿಡದ ಮೈಮೇಲೆ ಬರೆದಿರುವುದಿಲ್ಲ. ನೇಯುವವನಿಗೆ ನಾರು ಒಳ್ಳೆಯದು, ಸೇದುವವನಿಗೆ ಅಮಲು, ಕುಮಾವೂ ಬೆಟ್ಟದ ಗೃಹಿಣಿಗೆ ಬೀಜದ ಚಟ್ನಿ, ಸೆಳವಿನಿಂದ ನರಳುವ ಕೂಸಿನ ತಾಯಿಗೆ ಮದ್ದು. ಗಿಡ ಒಂದೇ, ಕೇಳುವವರು ಹಲವರು, ಇನ್ನೂ ಹುಟ್ಟದಿರುವವರೂ ಅವರಲ್ಲಿ ಸೇರಿರುವರು.

ಹಿತ್ತಲಿನ ಹಿರಿಯಳಿಗೆ ಈ ಮೀಮಾಂಸೆ ಬೇಡ. ಆದರೆ ಆಕೆಯ ಗೋಡೆಯನ್ನು ಹತ್ತಿರ ಹೋಗಿ ನೋಡಿದರೆ ಒಂದು ವಿಶೇಷ ಕಾಣುವುದು. ಬೂದಿ ಮೆತ್ತಿದ ಬೀಜಗಳ ದೊಡ್ಡ ಉಂಡೆಯ ಪಕ್ಕದಲ್ಲಿ ಚಿಕ್ಕದೊಂದು ಉಂಡೆ. ಏನೆಂದು ಕೇಳಿದರೆ, “ಅದು ಮೂಲೆಯ ಬಳ್ಳಿಯದು. ಕಾಯಿ ಗಿಡ್ಡ, ನೋಡಲು ಚೆನ್ನಿಲ್ಲ. ಆದರೂ ಮಳೆ ತಪ್ಪಿದ ವರ್ಷ ಕಾಯಿ ಬಿಟ್ಟದ್ದು ಅದೊಂದೇ, ಇರಲಿ” ಎನ್ನುವಳು.