ತಗಡಿನ ಗೋಡೆ, ಒಂದು ಗೇಣು ಜಾಗ

ಚೆನ್ನೈಯಲ್ಲಿ ಮಳೆ ಬಂದರೆ ಪತ್ರಿಕೆಗಳು ಎರಡು ಲೆಕ್ಕ ಕೊಡುತ್ತವೆ: ಒಂದು ಮೀನಂಬಾಕ್ಕಂದು, ಇನ್ನೊಂದು ನುಂಗಂಬಾಕ್ಕಂದು. ಆ ಎರಡನೆಯ ಲೆಕ್ಕ ಅಳೆಯುವ ಹವಾಮಾನ ಕಚೇರಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಹಾಗಾಗಿ ನಮ್ಮ ತಾರಸಿಯ ಮೇಲೆ ಬೀಳುವುದು ಸರ್ಕಾರಿ ಮಳೆ ಎಂದು ಅಪ್ಪಯ್ಯನ ಹತ್ತಿರ ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಸಾಗರದ ಮಳೆಯಲ್ಲಿ ಎಂಬತ್ತರ ಹತ್ತಿರ ಬಂದ ಅವರು, "ಇದೂ ಒಂದು ಮಳೆಯಾ ಮಾರಾಯ" ಎಂದು ನಗುತ್ತಿದ್ದರು.

ಅಮ್ಮ ಹೋದ ಮೇಲೆ ಅಪ್ಪಯ್ಯ ನಮ್ಮಲ್ಲಿಗೆ ಬಂದರು. ಜೊತೆಗೆ ಒಂದು ಹಲಸಿನ ಮರದ ಪೆಟ್ಟಿಗೆ ಬಂತು. ಅದರಲ್ಲಿ ಅವರ ಪುಸ್ತಕಗಳು, ತೋಟದ ಲೆಕ್ಕದ ಡೈರಿಗಳು, ತಳದಲ್ಲಿ ಅಮ್ಮನ ಹಾಡಿನ ಪುಸ್ತಕ. ಹಾಡಿನ ಪುಸ್ತಕವೆಂದರೆ ಇನ್ನೂರು ಪುಟದ ಉದ್ದ ನೋಟ್‌ಬುಕ್ಕು. ಆರತಿ ಹಾಡು, ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು ಎಲ್ಲವನ್ನೂ ಅಮ್ಮ ತನ್ನ ಗುಂಡು ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು.

ನಾವಿರುವುದು ಹಳೆಯ ಮನೆಯೊಂದರ ಮೇಲಿನ ಮಹಡಿಯಲ್ಲಿ, ಬಾಡಿಗೆಗೆ. ಅದರ ಮೇಲಿನದು 'ಮದ್ರಾಸ್ ಟೆರೇಸ್'. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿದ ಚಾವಣಿ. ಅಪ್ಪಯ್ಯನಿಗೊಂದು ಕೋಣೆ ಬೇಕಿತ್ತು. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕೆಜಿಗೂ ಹೆಚ್ಚು ತೂಗುತ್ತದೆ. ಆ ತೊಲೆಗಳು ಅದನ್ನು ತಾಳುವುದಿಲ್ಲ. ಪಫ್ ಪ್ಯಾನೆಲ್ ಆದರೆ ಸುಮಾರು 10 ಕೆಜಿ. ಅರ್ಧ ಮಿಲಿಮೀಟರಿನ ಎರಡು ಬಣ್ಣದ ತಗಡು, ನಡುವೆ 50 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ನೊರೆ. ಕೋಲ್ಡ್ ಸ್ಟೋರೇಜಿನ ಗೋಡೆಗೂ ಕಟ್ಟಡ ಕೆಲಸದ ಸೈಟ್ ಆಫೀಸಿಗೂ ಹಾಕುವುದು ಇದನ್ನೇ. ಮೇ ತಿಂಗಳ ಬಿಸಿಲಿಗೂ ಒಳ್ಳೆಯದು. ನಾಲ್ಕೇ ದಿನದಲ್ಲಿ ಹತ್ತಡಿಗೆ ಹನ್ನೆರಡಡಿಯ ಕೋಣೆ ಎದ್ದು ನಿಂತಿತು.

ಅಪ್ಪಯ್ಯ ಒಳಗೆ ಒಂದು ಸುತ್ತು ಬಂದು, ಬಗ್ಗಿ ಗೋಡೆಯ ಬುಡ ನೋಡಿದರು. "ಒರಲೆ ಬರೋದಿಲ್ವನೋ?" ನಮ್ಮ ಕಡೆ ಗೆದ್ದಲಿಗೆ ಒರಲೆ ಅನ್ನುತ್ತಾರೆ. ಪ್ಯಾನೆಲ್ ಕೂರಿಸಿದವನಿಗೆ ತಮಿಳಿನಲ್ಲಿ ಕೇಳಿದೆ. "ಸ್ಟೀಲ್ ಸಾರ್, ಕರೈಯಾನ್ ವರಾದು" ಎಂದ. ನಾನೂ ಎಂಟೆಕ್ ಮಾಡಿದವನು, ಮೇಲೊಂದು ವಿವರಣೆ ಸೇರಿಸಿದೆ: ಒರಲೆಗೆ ಬೇಕಾದದ್ದು ಮರದಲ್ಲೂ ಕಾಗದದಲ್ಲೂ ಇರುವ ಸೆಲ್ಯುಲೋಸ್; ತಗಡಿನಲ್ಲೂ ಇಲ್ಲ, ನೊರೆಯಲ್ಲೂ ಇಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ. ಪೆಟ್ಟಿಗೆಯ ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟರು.

ನವರಾತ್ರಿಗೆ ಊರಿಗೆ ಹೋದವರು ಅಡಕೆ ಕೊಯ್ಲು ಮುಗಿಸಿಕೊಂಡೇ ಬರುತ್ತೇನೆಂದರು. ಆ ಮೂರು ತಿಂಗಳು ಕೋಣೆಯನ್ನು ನಾನು ಆಫೀಸು ಮಾಡಿಕೊಂಡೆ. ಮೇಜು ಹಿಡಿಯಲಿಲ್ಲ. ಇಟ್ಟಿಗೆ ತೆಗೆದು, ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ತಳ್ಳಿದೆ. ಇಂಟರ್ನೆಟ್ಟಿನ ವೈರಿಗೆಂದು ಅದರ ಹಿಂದೆ ಗೋಡೆಗೊಂದು ತೂತು ಕೊರೆಸಿದೆ. ಹೊರಗೆ ಸರ್ಕಾರಿ ಮಳೆ ಸುರಿಯುತ್ತಿತ್ತು. ಒಳಗೆ ನಾನು ಪ್ರಾಜೆಕ್ಟಿನ ಅಪಾಯಗಳ ಪಟ್ಟಿ ತಯಾರಿಸುತ್ತಿದ್ದೆ.

ಜನವರಿಯಲ್ಲಿ ಅಪ್ಪಯ್ಯ ಬಂದು ಪೆಟ್ಟಿಗೆ ತೆರೆದರು. ಮೇಲಿನ ಪುಸ್ತಕಗಳು ಇದ್ದ ಹಾಗೇ ಇದ್ದವು. ತಳಕ್ಕೆ ಕೈ ಹಾಕಿದರೆ ಹಸಿ ಮಣ್ಣು. ಡೈರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಮ್ಮನ ಪುಸ್ತಕದ ಬಲಗಡೆ ಅರ್ಧ ಇರಲಿಲ್ಲ. ಪ್ರತಿ ಹಾಡಿಗೂ ಸಾಲಿನ ಶುರು ಮಾತ್ರ ಉಳಿದಿತ್ತು.

ಬೈಯುತ್ತಾರೆಂದು ಕಾದೆ. ಅವರು ಪುಟ ತಿರುಗಿಸುತ್ತ, "ಒರಲೆಗೆ ಬೈದು ಏನು ಪ್ರಯೋಜನ. ಅದು ಅದರ ಕೆಲಸ ಮಾಡಿದೆ" ಎಂದರು. ನನ್ನ ಕೆಲಸದ ಬಗ್ಗೆ ಏನೂ ಅನ್ನಲಿಲ್ಲ.

ಮಾರನೆಯ ದಿನ ಒಳಗಿನ ತಗಡು ಬಿಚ್ಚಿಸಿದೆ. ನೊರೆಯ ತುಂಬ ಬೆರಳು ಹೋಗುವಷ್ಟು ಸುರಂಗಗಳು, ಅವಕ್ಕೆ ಮಣ್ಣಿನ ಗಿಲಾವು. ನಾನು ಹೇಳಿದ್ದು ಸುಳ್ಳಲ್ಲ, ಒರಲೆಗೆ ನೊರೆ ಆಹಾರವಲ್ಲ. ಆದರೆ ಅದು ಒಳ್ಳೆಯ ದಾರಿ. ಮೆತ್ತಗೆ, ಕತ್ತಲೆ, ಬಿಸಿಲು ತಾಗದು. ಕೊರೆದು ಹಾಕಿದರಾಯಿತು. ಇರುವೆಗಳೂ ಇಂಥ ನೊರೆ ಕೊರೆದು ಗೂಡು ಮಾಡುತ್ತವೆ. ಅವು ಮಾಡಿದ್ದರೆ ಸಂದಿನಿಂದ ಹಳದಿ ಪುಡಿ ಉದುರಿ ಸುಳಿವಾದರೂ ಸಿಗುತ್ತಿತ್ತು. ಒರಲೆ ಎಲ್ಲವನ್ನೂ ಒಳಗೇ ಮುಗಿಸಿತ್ತು.

ಬಂದ ದಾರಿ ಹುಡುಕಿದೆವು. ಪ್ಯಾನೆಲ್‌ಗಳನ್ನು ಚಾವಣಿಯ ಮೇಲೆ ಒಂದು ತಗಡಿನ ಚಾನೆಲ್ಲಿನಲ್ಲಿ ನಿಲ್ಲಿಸಿದ್ದರು. ಕತ್ತರಿಸಿದ ಅಂಚಿಗೆ ಮುಚ್ಚಳವಿರಲಿಲ್ಲ; ಚಾನೆಲ್ಲಿನ ಜೋಡಣೆಗಳಲ್ಲಿ ನೊರೆ ಬೆತ್ತಲೆಯಾಗಿತ್ತು. ಸಿಲಿಕೋನ್ ಬಳಿದದ್ದು ಕಣ್ಣಿಗೆ ಕಾಣುವ ಹೊರಬದಿಗೆ ಮಾತ್ರ. ಕೆಳಗಿನ ತೊಲೆಯೊಂದಕ್ಕೆ ಮೊದಲೇ ಒರಲೆ ಹಿಡಿದಿತ್ತು. ತೊಲೆಯಿಂದ ಗಾರೆಯ ಬಿರುಕು, ಬಿರುಕಿನಿಂದ ನೊರೆ, ನೊರೆಯಿಂದ ನಾನು ಕೊರೆಸಿದ ವೈರಿನ ತೂತು, ತೂತಿನ ಎದುರಿಗೇ ಪೆಟ್ಟಿಗೆ. ಸ್ಟೀಲನ್ನು ಅದು ಎಲ್ಲೂ ದಾಟಬೇಕಾಗಿ ಬರಲಿಲ್ಲ.

ಆಮೇಲೆ ಓದಲು ಕೂತೆ. ನನ್ನಂಥವರು ಬುದ್ಧಿ ಕೆಟ್ಟ ಮೇಲೆ ಮಾಡುವುದು ಅದೇ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1990ರ ದಶಕದಲ್ಲೇ ಇದೇ ಪಾಠವಾಗಿತ್ತು. ಒರಲೆ ಹೆಚ್ಚಿರುವ ಕಡೆ ಇಂಥ ನೊರೆಯನ್ನು ನೆಲಕ್ಕೆ ತಾಗಿಸಬಾರದು ಎಂದು ಕಟ್ಟಡ ನಿಯಮಗಳಲ್ಲಿ ಸೇರಿಸಿದರು. ನಮ್ಮಲ್ಲೂ ಕಟ್ಟಡಕ್ಕೆ ಒರಲೆ ಬಾರದಂತೆ ಮಾಡುವ ಐಎಸ್ 6313 ಎಂಬ ಮಾನಕವಿದೆ. ಅದರ ಮೂರನೆಯ ಭಾಗ ಇರುವುದೇ ಹಳೆಯ ಕಟ್ಟಡಗಳಿಗಾಗಿ. ಮಣ್ಣು ಅಗೆಯದೆ ತಾರಸಿಯ ಮೇಲೆ ಕಟ್ಟುವ ಕೋಣೆಗೆ ಅದೆಲ್ಲ ಯಾಕೆ ಎಂದು ನಾನು ಆ ಕಡೆ ತಲೆಯೇ ಹಾಕಿರಲಿಲ್ಲ.

ಮನಸ್ಸಿಗೆ ನಾಟಿದ್ದು ಆಸ್ಟ್ರೇಲಿಯಾದವರ ಕ್ರಮ. ಅವರ ಎಎಸ್ 3660 ಮಾನಕದಲ್ಲಿ ಮನೆಯ ತಳದ ಕಾಂಕ್ರೀಟಿನ ಅಂಚನ್ನು 75 ಮಿಲಿಮೀಟರ್ ಬಯಲಾಗಿ ಬಿಡುವ ವಿಧಾನವಿದೆ. ಅದರಿಂದ ಒರಲೆ ನಿಲ್ಲುವುದಿಲ್ಲ. ಆದರೆ ಹತ್ತಬೇಕಾದರೆ ಆ ಬಯಲಿನ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಹತ್ತಬೇಕು, ಆಗ ಮನೆಯವರ ಕಣ್ಣಿಗೆ ಬೀಳುತ್ತದೆ. ತಡೆಯುವುದಕ್ಕಿಂತ ಕಾಣುವಂತೆ ಮಾಡುವುದು. ಓದಿ ಕೆಳಗಿಟ್ಟಾಗ ಅಪ್ಪಯ್ಯನ ಗೇಣು ನೆನಪಾಯಿತು. ಊರಲ್ಲಿ ಅಜ್ಜಿ ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದದ್ದು ಇರುವೆಯನ್ನು ತಡೆಯಲು. ಅಪ್ಪಯ್ಯ ಗೋಡೆಯಿಂದ ಗೇಣು ಬಿಡುತ್ತಿದ್ದದ್ದು ಬಗ್ಗಿ ನೋಡಲು ಜಾಗವಿರಲಿ ಎಂದು.

ಮನೆಯ ಮಾಲೀಕರಿಗೆ ಹೇಳಿ ಆ ತೊಲೆ ಬದಲಾಯಿಸಿದೆವು, ಉಳಿದವಕ್ಕೆ ಔಷಧಿ ಹಾಕಿಸಿದೆವು. ಕೋಣೆಯನ್ನು ಬಿಚ್ಚಿ, ಒಂದಡಿ ಎತ್ತರದ ಕಬ್ಬಿಣದ ಕಾಲುಗಳ ಮೇಲೆ ಮತ್ತೆ ನಿಲ್ಲಿಸಿದೆವು. ಕತ್ತರಿಸಿದ ಪ್ರತಿ ಅಂಚಿಗೂ ತಗಡಿನ ಟೋಪಿ, ವೈರಿನ ತೂತಿಗೆ ಸ್ಟೀಲಿನ ಸಣ್ಣ ಜಾಲರಿ. ಖರ್ಚು ಮೊದಲಿನದಕ್ಕಿಂತ ಹೆಚ್ಚಾಯಿತು. ಈಗ ಅಮಾವಾಸ್ಯೆಗೊಮ್ಮೆ ನಾನು ಟಾರ್ಚು ಹಿಡಿದು ಕೋಣೆಯ ಅಡಿಗೆ ಬಗ್ಗುತ್ತೇನೆ. ಅಪ್ಪಯ್ಯ ಮೇಲಿಂದ, "ಆ ಮೂಲೆ ನೋಡಿದ್ಯಾ?" ಎಂದು ಕೇಳುತ್ತಾರೆ. ನೋಡಿದ್ದರೂ ಇನ್ನೊಮ್ಮೆ ನೋಡುತ್ತೇನೆ.

ಹಾಡಿನ ಪುಸ್ತಕವನ್ನು ಹೊಸ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇವೆ. ಭಾನುವಾರ ಸಂಜೆ ಅಪ್ಪಯ್ಯ ಅತ್ತೆಗೆ ಫೋನು ಹಚ್ಚಿ ಸಾಲಿನ ಶುರು ಓದುತ್ತಾರೆ. ಅತ್ತೆ ಉಳಿದದ್ದನ್ನು ಹಾಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಅಮ್ಮನ ಪಕ್ಕ ಕೂತು ಈ ಪುಸ್ತಕ ನೋಡಿದವನಲ್ಲ. ಕೆಲವು ಹಾಡುಗಳು ಅತ್ತೆಗೂ ಬಾರವು, ಊರಲ್ಲಿ ಬೇರೆಯವರಿಗೂ ಬಾರವು. ಆ ಸಾಲುಗಳ ಬಲಗಡೆ ಖಾಲಿ ಬಿಟ್ಟಿದ್ದೇನೆ.