ಮುಂಗಾಜಿನ ಪಾಚಿ

ಮನೆಯ ಮೀನಿನ ತೊಟ್ಟಿಯ ಮುಂಗಾಜಿಗೆ ಹತ್ತಿದ ಎಳೆಯ ಪಾಚಿಯನ್ನು, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ತಳದಿಂದ ಮೇಲಕ್ಕೆ ಒಂದೇ ಎಳೆತದಲ್ಲಿ ಕೆರೆದಾಗ ಹಸಿರು ಪೊರೆ ಸುರುಳಿಯಾಗಿ ಬಿಟ್ಟುಬರುತ್ತದೆ. ಅಲ್ಲಿಯವರೆಗೆ ಮಬ್ಬಿನಲ್ಲಿದ್ದ ಗಪ್ಪಿಯ ಬಾಲದ ಕಿತ್ತಳೆ ಚುಕ್ಕೆ ಕೂಡ ಕಣ್ಣಿಗೆ ಬೀಳುತ್ತದೆ. ಮೀನು ಸಾಕುವವರಿಗೆ ಇದಕ್ಕಿಂತ ಮಿಗಿಲಾದ ಸುಖ ಬೇಕಿಲ್ಲ. ಆದರೆ ಕೆರೆದ ಮಾತ್ರಕ್ಕೆ ಪಾಚಿ ನಿಲ್ಲದು, ಏಕೆಂದರೆ ಅದನ್ನು ಬೆಳೆಸುವುದು ಬೆಳಕು ಮತ್ತು ನೀರಿನಲ್ಲಿ ಕರಗಿರುವ ನೈಟ್ರೇಟ್, ಫಾಸ್ಫೇಟ್ ಎಂಬ ಪೋಷಕ ಲವಣಗಳು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ನೀರುಂಡ ಹೊಲಗಳಲ್ಲಿ, ಬೆಳೆ ಹೀರಿ ಉಳಿದ ಯೂರಿಯಾದ ಸಾರಜನಕ ನೈಟ್ರೇಟಾಗಿ ಮಾರ್ಪಟ್ಟು ಅಂತರ್ಜಲಕ್ಕೆ ಇಳಿಯಬಲ್ಲದು; ಅಂಥ ಬೋರಿನ ನೀರನ್ನು ವಾರಕ್ಕೊಮ್ಮೆ ತೊಟ್ಟಿಗೆ ತುಂಬುವುದೆಂದರೆ ಪಾಚಿಗೆ ವಾರಕ್ಕೊಮ್ಮೆ ಗೊಬ್ಬರ ಹಾಕಿದಂತೆಯೇ. ಆದ್ದರಿಂದ ನೈಟ್ರೇಟಿನ ಪ್ರಮಾಣವನ್ನು ಬಣ್ಣದಿಂದ ತೋರಿಸುವ ಪರೀಕ್ಷಾ ಪಟ್ಟಿಯನ್ನು ಮೊದಲು ಬೋರಿನ ನೀರಿನಲ್ಲಿಯೇ ಅದ್ದಿ ನೋಡಬೇಕು. ಕಿಟಕಿಯ ಬಿಸಿಲು ತಪ್ಪಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಗೊಳಿಸಿ, ಬೇಗ ಬೆಳೆಯುವ ವ್ಯಾಲಿಸ್ನೇರಿಯಾ ಅಥವಾ ಹೈಡ್ರಿಲ್ಲಾ ನೆಟ್ಟರೆ, ಪಾಚಿಯ ಪಾಲಿನ ಆಹಾರವನ್ನು ಆ ಗಿಡಗಳೇ ಉಣ್ಣುತ್ತವೆ.

ದಾರಿ ಇಷ್ಟು ನೇರವಾಗಿದ್ದರೂ ಪಾಚಿಗೆ ಸಕ್ಕರ್ ಮೀನೇ ಮದ್ದೆಂದು ನಂಬುವವರು ಬಹಳ. ಬಾಯಿಯಿಂದ ಗಾಜನ್ನು ಕಚ್ಚಿ ಮೇಯುವ, ದಕ್ಷಿಣ ಅಮೆರಿಕ ಮೂಲದ ಈ ಮೀನು ಅಂಗಡಿಯಲ್ಲಿ ಬೆರಳುದ್ದವಿದ್ದರೂ ಮುಂದೆ ಒಂದಡಿಯನ್ನು ಮೀರುತ್ತದೆ, ಬೆಳೆದಂತೆ ಪಾಚಿಗಿಂತ ಉಳಿದ ಮೀನುಗಳ ಕಾಳಿಗೇ ಬಾಯಿ ಹಾಕುತ್ತದೆ, ತಿಂದದ್ದರ ಬಹುಪಾಲನ್ನು ಮಲವಾಗಿ ಅದೇ ನೀರಿಗೆ ಬಿಟ್ಟು ಹೊಸ ಪಾಚಿಗೆ ಆಹಾರ ಒದಗಿಸುತ್ತದೆ. ತೊಟ್ಟಿ ಸಾಲದಾದಾಗ, ಪಾಪದ ಜೀವ ಎಲ್ಲಾದರೂ ಬದುಕಲಿ ಎಂದು ಅದನ್ನು ಹಳ್ಳಕ್ಕೆ ಬಿಟ್ಟುಬರುವವರನ್ನು ಕ್ಷಮಿಸುವುದು ಕಷ್ಟ. ಅಂಥ ಒಂದು ಜೋಡಿ ಹಿಡಕಲ್ ಜಲಾಶಯದ ಹಿನ್ನೀರನ್ನೋ ಗೋಕಾಕ ಫಾಲ್ಸಿನ ಕೆಳಗಿನ ಹೊಳೆಯನ್ನೋ ಸೇರಿ ಮರಿ ಮಾಡಿದರೆ ಮರಳಿ ಹಿಡಿಯುವವರಿಲ್ಲ: ಮೈಮೇಲಿನ ಗಟ್ಟಿ ಫಲಕಗಳಿಂದಾಗಿ ಅದನ್ನು ನುಂಗಬಲ್ಲ ಮೀನುಗಳು ಅಪರೂಪ, ರೆಕ್ಕೆಯ ಮುಳ್ಳುಗಳು ಬಲೆಯನ್ನು ಹರಿಯುತ್ತವೆ, ಮೊಟ್ಟೆಯಿಡಲು ಅದು ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ಗಾಜಿನ ಮೇಲಿನ ಎರಡಡಿ ಹಸಿರಿಗಾಗಿ ಹೊಳೆಯ ಮೀನುಗಾರನ ಬಲೆಯನ್ನು ಒತ್ತೆಯಿಡುವ ಹಕ್ಕು ಯಾವ ಹವ್ಯಾಸಿಗೂ ಇಲ್ಲ.

ಇನ್ನು ಹಿಂಗಾಜನ್ನು ಕೆರೆಯದೆ ಬಿಡುವುದೇ ಲೇಸು. ಅಲ್ಲಿನ ಪಾಚಿಯೂ ನೈಟ್ರೇಟನ್ನು ಹೀರುತ್ತದೆ. ಅದರ ಎಳೆಗಳ ನಡುವಿನ ಸೂಕ್ಷ್ಮಜೀವಿಗಳನ್ನು, ಆಗತಾನೇ ಹುಟ್ಟಿದ ಗಪ್ಪಿ ಮರಿಗಳು ಗಾಜಿಗೆ ಮೂತಿ ತಾಗಿಸಿ ದಿನವಿಡೀ ಹೆಕ್ಕುತ್ತಿರುತ್ತವೆ.